ಅತಿಮಾನುಷ ಕುಟುಂಬಕಥೆ: ಬಯಲಾಟದ ಅಟ್ಟದಿಂದ ಕಿರುತೆರೆಗೆ

ಲೋಕ ಕಾಯುವ ಶಕ್ತಿಯಿದ್ದವನೂ ಮನೆಯಲ್ಲಿ ಹರೆಯದ ಮಕ್ಕಳನ್ನು ಸಂಭಾಳಿಸಲಾರದೆ ಒದ್ದಾಡುವ ಕಥೆಗಳನ್ನು ಅತಿಮಾನುಷ ಕುಟುಂಬಕಥೆ ಎಂದು ಕರೆಯಬಹುದು. ಟಿ.ವಿ. ಧಾರಾವಾಹಿಯ ರೂಪದಲ್ಲಿ ಇದಕ್ಕೆ ಈಚಿನ ಹೆಸರಾಂತ ಮಾದರಿ ಅಮೆರಿಕದ ‘ಸೂಪರ್‌ಮ್ಯಾನ್ ಅಂಡ್ ಲೋಯಿಸ್’. 2021ರ ಫೆಬ್ರವರಿಯಿಂದ 2024ರ ಡಿಸೆಂಬರ್‌ವರೆಗೆ ಅದರ 53 ಕಂತುಗಳು ಪ್ರಸಾರವಾದವು. ತಾಯಿ ತೀರಿಕೊಂಡ ಮೇಲೆ ಕ್ಲಾರ್ಕ್ ಕೆಂಟ್ ಪಟ್ಟಣ ಬಿಟ್ಟು, ಪತ್ರಕರ್ತೆ ಹೆಂಡತಿಯನ್ನೂ ಇಬ್ಬರು ಅವಳಿ ಗಂಡುಮಕ್ಕಳನ್ನೂ ಕರೆದುಕೊಂಡು ತನ್ನ ಹಳ್ಳಿಗೆ ಮರಳುತ್ತಾನೆ. ಮಕ್ಕಳಲ್ಲಿ ಒಬ್ಬ ಆಟಗಾರ, ಇನ್ನೊಬ್ಬ ನಾಲ್ಕು ಜನರ ನಡುವೆ ನಿಲ್ಲಲೂ ಹೆದರುವವನು. ಅಪ್ಪನ ಶಕ್ತಿ ಬರುವುದು ಈ ಎರಡನೆಯವನಿಗೆ. ಅಪ್ಪ ಇಷ್ಟು ವರ್ಷ ತಾನು ಯಾರೆಂಬುದನ್ನು ತಮ್ಮಿಂದ ಮುಚ್ಚಿಟ್ಟನೆಂಬುದು ಮಕ್ಕಳ ಮೊದಲ ಸಿಟ್ಟು. ಕನ್ನಡದ ಕಿರುತೆರೆ ಇಂಥದ್ದನ್ನು ಇದೇ ಹಣೆಪಟ್ಟಿಯಲ್ಲಿ ತಯಾರಿಸಿಲ್ಲ. ಹಾಗೆಂದು ಈ ಬಗೆಯ ಕಥೆ ಕನ್ನಡಿಗರಿಗೆ ಹೊರಗಿನ ಸರಕಲ್ಲ. ಬಯಲಾಟ, ಪುರಾಣ ವಾಚನ, ಪೌರಾಣಿಕ ಸಿನಿಮಾ, ಭಕ್ತಿ ಧಾರಾವಾಹಿ ಎಂಬ ದಾರಿಯಲ್ಲಿ ಅದು ನಮ್ಮಲ್ಲಿ ಬಹಳ ಹಿಂದಿನಿಂದ ನಡೆದುಬಂದಿದೆ, ನಡೆದ ರೀತಿ ಮಾತ್ರ ತಿರುವುಮುರುವು. ಅಲ್ಲಿ ಅಪ್ಪ ತನ್ನ ಶಕ್ತಿಯನ್ನು ಮಗನಿಂದ ಬಚ್ಚಿಡುತ್ತಾನೆ. ಇಲ್ಲಿ ಶಕ್ತಿ ಬಟಾಬಯಲು, ಬಚ್ಚಿಟ್ಟದ್ದು ಅಥವಾ ಕೈತಪ್ಪಿದ್ದು ಅಪ್ಪ. ಕನ್ನಡದ ಅತಿಮಾನುಷ ಕಥೆ ಜಗತ್ತು ಉಳಿಯುತ್ತದೆಯೇ ಎಂದು ಕೇಳುವುದು ಕಡಿಮೆ, ಅಪ್ಪ ಮಗನನ್ನು ಗುರುತಿಸುತ್ತಾನೆಯೇ ಎಂದು ಕೇಳುವುದೇ ಹೆಚ್ಚು.

ಈ ತಿರುವುಮುರುವು ಕಣ್ಣಿಗೆ ಕಟ್ಟಿದಂತೆ ಕಾಣುವುದು ದೊಡ್ಡಾಟದ ಅಟ್ಟದ ಮೇಲೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಎಡೆದೊರೆ ಸೀಮೆ, ಅಂದರೆ ಇಂದಿನ ರಾಯಚೂರು, ಮಾನ್ವಿ, ದೇವದುರ್ಗದ ಕಡೆಯ ಊರುಗಳು, ಬಳ್ಳಾರಿ ಕೊಪ್ಪಳಗಳ ಜೊತೆಗೆ ದೊಡ್ಡಾಟವೆಂದೂ ಕರೆಯುವ ಮೂಡಲಪಾಯ ಬಯಲಾಟದ ಬಯಲಿಗೆ ಸೇರುತ್ತವೆ. ಸುಗ್ಗಿ ಮುಗಿದು ಹೊಲದ ಕೆಲಸ ಸಡಿಲಾದಾಗ ಮಾಸ್ತರರನ್ನು ಕರೆಸಿ ತಾಲೀಮು ನಡೆಸುವುದು, ಊರ ನಡುವೆ ಅಟ್ಟ ಹಾಕಿ ಬೆಳಗಾಗುವವರೆಗೆ ಆಡುವುದು ಈ ಕಲೆಯ ಪದ್ಧತಿ. ಕಿರೀಟ, ಭುಜಕೀರ್ತಿ, ಎದೆಹಲಗೆ ಕಟ್ಟಿಕೊಂಡ ವೀರ ಕುಣಿಯುತ್ತ ಬಂದಾಗ ಸಾರಥಿ ಅವನನ್ನು ತಡೆದು ನಿಲ್ಲಿಸುತ್ತಾನೆ. ತಾವು ಯಾರು, ಯಾವ ದೇಶದವರು, ಯಾರ ಮಗ, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುತ್ತಾನೆ. ವೀರ ತನ್ನ ವಂಶ, ಪರಾಕ್ರಮ, ಊರು ಎಲ್ಲವನ್ನೂ ಏರುದನಿಯಲ್ಲಿ ಒಪ್ಪಿಸಬೇಕು, ಒಪ್ಪಿಸದೆ ಆಟ ಮುಂದೆ ಹೋಗದು. ಅಮೆರಿಕದ ವೀರ ಮುಖವಾಡ ತೊಟ್ಟು ಹೆಸರು ಮುಚ್ಚಿಡುತ್ತಾನೆ, ದೊಡ್ಡಾಟದ ವೀರ ಮುಖಕ್ಕೆ ಬಣ್ಣ ಬಳಿದುಕೊಂಡು ಹೆಸರನ್ನು ಸಾರುತ್ತಾನೆ. ಹೀಗೆ ಎಲ್ಲರೂ ತಂದೆಯ ಹೆಸರು ಹೇಳಿಕೊಂಡೇ ಒಳಗೆ ಬರಬೇಕಾದ ರಂಗದ ಮೇಲೆ ತಂದೆಯ ಹೆಸರು ಗೊತ್ತಿಲ್ಲದ ಲವಕುಶರೋ, ಹೆಸರು ಗೊತ್ತಿದ್ದೂ ಆ ತಂದೆಯೇ ಒಪ್ಪದ ಬಭ್ರುವಾಹನನೋ ಬಂದು ನಿಂತಾಗ ಆಟದ ಕಟ್ಟುಪಾಡೇ ಕಥೆಯ ಬಿಕ್ಕಟ್ಟಾಗುತ್ತದೆ. ಉತ್ತರ ಕರ್ನಾಟಕದ ಅಟ್ಟಗಳಲ್ಲಿ ಈ ಪ್ರಸಂಗಗಳು ಇಷ್ಟು ಬಾಳಿಕೆ ಬಂದದ್ದಕ್ಕೆ ಅವುಗಳಲ್ಲಿರುವ ಯುದ್ಧವೊಂದೇ ಕಾರಣವಿರಲಾರದು. ಯುದ್ಧ ಎಲ್ಲ ಪ್ರಸಂಗಗಳಲ್ಲೂ ಇದೆ.

ಬಭ್ರುವಾಹನನ ಕಥೆಯನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ವ್ಯಾಸಭಾರತದ ಆಶ್ವಮೇಧಿಕ ಪರ್ವದಲ್ಲಿ ಯಜ್ಞದ ಕುದುರೆಯ ಹಿಂದೆ ಬಂದ ಅರ್ಜುನನನ್ನು ಮಣಿಪುರದ ಅರಸ ಬಭ್ರುವಾಹನ ಕಾಣಿಕೆ ಹಿಡಿದು ಎದುರುಗೊಳ್ಳುತ್ತಾನೆ. ಕ್ಷತ್ರಿಯನಾಗಿ ಕಾದಾಡದೆ ಹೀಗೆ ಬಂದದ್ದು ಸರಿಯಲ್ಲವೆಂದು ಅರ್ಜುನ ಬೈಯುತ್ತಾನೆ, ಮಲತಾಯಿ ಉಲೂಪಿ ಮಗನನ್ನು ಯುದ್ಧಕ್ಕೆ ಹುರಿದುಂಬಿಸುತ್ತಾಳೆ. ಕನ್ನಡ ನಾಡು ಮನಸ್ಸಿಗೆ ಹಚ್ಚಿಕೊಂಡದ್ದು ಈ ಪಾಠವನ್ನಲ್ಲ, ಲಕ್ಷ್ಮೀಶ ವಾರ್ಧಕ ಷಟ್ಪದಿಯಲ್ಲಿ ಹಾಡಿದ ಜೈಮಿನಿ ಭಾರತದ ಪಾಠವನ್ನು. ಅಲ್ಲಿ ಬೈಗುಳ ಕ್ಷತ್ರಿಯಧರ್ಮದ ಮಟ್ಟದಲ್ಲಿ ನಿಲ್ಲುವುದಿಲ್ಲ. ಕಾಲಿಗೆರಗಿದ ಮಗನನ್ನು ಅರ್ಜುನ ಒದೆಯುತ್ತಾನೆ, ಸತ್ತ ಅಭಿಮನ್ಯುವಿನ ಜೊತೆ ಹೋಲಿಸಿ ಹಳಿಯುತ್ತಾನೆ, ಅವನ ತಾಯಿಯ ನಡತೆಯನ್ನೇ ಎತ್ತಿ ಆಡುತ್ತಾನೆ. ಕಾಣಿಕೆ ಹಿಡಿದ ಕೈ ಬಿಲ್ಲು ಹಿಡಿಯುವುದು ಆಮೇಲೆ. ಸಾಮರ್ಥ್ಯದಲ್ಲಿ ಮಗ ಅಪ್ಪನನ್ನು ಮೀರಿಸಿದ್ದಾನೆ, ಅಪ್ಪನ ತಲೆ ಉರುಳುತ್ತದೆ. ಆದರೆ ಅವನು ಅಪ್ಪನಿಂದ ಬಯಸಿದ್ದು ಗೆಲುವನ್ನಲ್ಲ, ಒಂದು ಮಾತನ್ನು. ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದ ‘ಬಬ್ರುವಾಹನ’ (1977) ಚಿತ್ರ ಇದನ್ನು ಒಂದು ಜಾಣ ಆಯ್ಕೆಯಿಂದ ಇನ್ನಷ್ಟು ಬಿಗಿ ಮಾಡಿತು: ಅರ್ಜುನನೂ ರಾಜಕುಮಾರ್, ಬಭ್ರುವಾಹನನೂ ರಾಜಕುಮಾರ್. ದ್ವಿಪಾತ್ರ ಆ ಕಾಲದ ಸಿನಿಮಾದಲ್ಲಿ ಹೊಸದೇನಲ್ಲ, ಸಾಮಾನ್ಯವಾಗಿ ಅದು ತಾರೆಯ ವರ್ಚಸ್ಸಿಗಾಗಿ ಮಾಡುವ ಕಸರತ್ತು. ಇಲ್ಲಿ ಅದೇ ಸಾಕ್ಷಿಯಾಗಿಬಿಟ್ಟಿದೆ. ನೀನು ನನ್ನ ಮಗನಲ್ಲ ಎಂದು ಅರ್ಜುನ ಗರ್ಜಿಸುವ ಹೊತ್ತಿಗೆ ಪ್ರೇಕ್ಷಕರ ಎದುರು ಅವನದೇ ಮುಖ ಇನ್ನೊಂದು ಕಿರೀಟದ ಕೆಳಗೆ ನಿಂತಿರುತ್ತದೆ. ಅಪ್ಪ ಮಗನ ವಾಗ್ವಾದದ ಹಾಡು ಇಂದಿಗೂ ಊರೂರಿನ ಆರ್ಕೆಸ್ಟ್ರಾಗಳಲ್ಲಿ ಬೇಡಿಕೆ ಉಳಿಸಿಕೊಂಡಿದೆಯೆಂದರೆ, ಕನ್ನಡಿಗರ ನೆನಪಿನಲ್ಲಿ ಉಳಿದದ್ದು ಬಾಣಗಳಿಗಿಂತ ಹೆಚ್ಚಾಗಿ ಆ ಜಗಳ ಎಂದಾಯಿತು.

ಇಷ್ಟಕ್ಕೇ ಒಂದು ಆಕ್ಷೇಪ ಏಳುತ್ತದೆ. ಪುರಾಣದ ವೀರರನ್ನು ಇಂದಿನ ಸೂಪರ್‌ಹೀರೋಗಳ ಸಾಲಿನಲ್ಲಿ ಕೂರಿಸುವುದು ಸರಿಯೇ? ಇವು ಭಕ್ತಿಯ ಕಥೆಗಳು, ಜನ ಕೈಮುಗಿದು ನೋಡುತ್ತಾರೆ, ಸೂಪರ್‌ಹೀರೋ ಕಥೆಗಳು ಬರಿಯ ಮನರಂಜನೆ. ಹರೆಯದ ಸಮಸ್ಯೆ ಎಂಬುದೂ ಶಾಲೆ ಕಾಲೇಜು ಬಂದ ಮೇಲಿನ ಮಾತು, ಹಿಂದೆ ಮೀಸೆ ಚಿಗುರುವಷ್ಟರಲ್ಲಿ ಮದುವೆಯೇ ಆಗುತ್ತಿತ್ತು ಎನ್ನುತ್ತಾರೆ. ಎರಡನೆಯ ಮಾತಿನಲ್ಲಿ ನಿಜವಿದೆ. ಆದರೆ ಈ ಕಥೆಗಳ ವೀರರ ವಯಸ್ಸು ನೋಡಿದರೆ ಅದು ಆಕಸ್ಮಿಕವೆನಿಸುವುದಿಲ್ಲ. ಅಭಿಮನ್ಯು ಹದಿನಾರರವನು, ಲವಕುಶರು ಇನ್ನೂ ಆಶ್ರಮದಲ್ಲಿ ಓದುವವರು, ಜೈಮಿನಿ ಭಾರತದ ಸುಧನ್ವ ಹೊಸದಾಗಿ ಮದುವೆಯಾದವನು. ಅಧಿಕಾರ ಕೈಗೆ ಬಂದಿಲ್ಲ, ತೋಳಿಗೆ ಬಲ ಬಂದಿದೆ ಎಂಬ ನಡುವಿನ ಹಂತವನ್ನೇ ಕಥೆಗಳು ಹುಡುಕಿ ಹಿಡಿದಿವೆ. ಮೊದಲನೆಯ ಆಕ್ಷೇಪಕ್ಕೆ ಉತ್ತರ ಆ ಪಾತ್ರಗಳಲ್ಲೇ ಇದೆ. ಬಭ್ರುವಾಹನನನ್ನು ಯಾರೂ ಮನೆದೇವರೆಂದು ಪೂಜಿಸುವುದಿಲ್ಲ. ಅವನ ಕಥೆ ಭಕ್ತಿಗಾಗಿ ನಿಂತಿಲ್ಲ, ಅವಮಾನಕ್ಕಾಗಿ ನಿಂತಿದೆ. ಅದನ್ನು ಕಣ್ಣು ಕೀಲಿಸಿ ನೋಡುವ ರಾಯಚೂರು ಸೀಮೆಯ ಪ್ರೇಕ್ಷಕರಿಗೆ ದುಡಿಯಲು ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ತಂದೆಯರು, ಅಜ್ಜಿ ಅಥವಾ ತಾಯಿಯ ಕೈಯಲ್ಲಿ ಬೆಳೆಯುವ ಮಕ್ಕಳು ಹೊಸ ಸಂಗತಿಯಲ್ಲ. ಗುಳೆಯಿಂದಲೇ ಈ ಕಥೆಗಳು ಹುಟ್ಟಿದವೆಂದು ಹೇಳುವುದು ಅತಿಯಾದೀತು, ಅವು ಗುಳೆಗಿಂತ ಎಷ್ಟೋ ಹಳೆಯವು. ದೊಡ್ಡ ಕೆಲಸಕ್ಕೆಂದು ಮನೆ ಬಿಟ್ಟ ತಂದೆ ತಿರುಗಿ ಬಂದಾಗ ಮಗ ಅಪರಿಚಿತನಾಗಿರುತ್ತಾನೆ ಎಂಬ ಅನುಭವ ಮಾತ್ರ ಎರಡು ಕಡೆಯೂ ಒಂದೇ.

ತಂದೆ ದೂರವಿದ್ದರೆ ಒಂದು ಕಷ್ಟ, ಹತ್ತಿರವಿದ್ದು ಅರಸನಾಗಿದ್ದರೆ ಇನ್ನೊಂದು. ಜೈಮಿನಿ ಭಾರತದ ಹಂಸಧ್ವಜ ಯುದ್ಧಕ್ಕೆ ತಡವಾಗಿ ಬಂದವರನ್ನು ಕುದಿವ ಎಣ್ಣೆಗೆ ಹಾಕಿಸುವೆನೆಂದು ಡಂಗುರ ಹೊಡೆಸುತ್ತಾನೆ. ತಡವಾಗಿ ಬಂದವನು ಅವನ ಮಗ ಸುಧನ್ವ, ಹೆಂಡತಿಯ ಮಾತು ಮೀರಲಾರದೆ ಮನೆಯಲ್ಲಿ ಉಳಿದವನು. ಅಪ್ಪ ಹಿಂಜರಿಯುತ್ತಾನೆ, ಪುರೋಹಿತರಾದ ಶಂಖ ಲಿಖಿತರು ಬಿಡುವುದಿಲ್ಲ. ಮಗನನ್ನು ಕೊಪ್ಪರಿಗೆಗೆ ಹಾಕಿದರೆ ಎಣ್ಣೆ ಅವನನ್ನು ಸುಡದು. ಎಣ್ಣೆ ಕಾದಿಲ್ಲವೇನೋ ಎಂದು ಅನುಮಾನಿಸಿ ತೆಂಗಿನಕಾಯಿ ಹಾಕಿ ನೋಡಿದರೆ ಅದು ಸಿಡಿದು ಹೋಳು ಪುರೋಹಿತರಿಗೇ ಬಡಿಯುತ್ತದೆ. ಶಿಸ್ತಿನ ಹೆಸರಿನಲ್ಲಿ ಮಕ್ಕಳನ್ನು ಹದಗೊಳಿಸಹೊರಟ ಹಿರಿಯರ ಮೇಲೆ ಇಷ್ಟು ಖಾರವಾದ ಹಾಸ್ಯ ಬೇರೆ ಕಡೆ ಸಿಗುವುದು ಕಷ್ಟ. ಇದರ ಐತಿಹಾಸಿಕ ಒಡಹುಟ್ಟು ಕುಮಾರರಾಮನ ಕಥೆ. ಕಂಪಿಲಿಯ ಈ ರಾಜಕುಮಾರ ನಿಂತು ಕಾದಿದ ಕುಮ್ಮಟದುರ್ಗ ಗಂಗಾವತಿ ಸೀಮೆಯದು, 1997ರಲ್ಲಿ ಕೊಪ್ಪಳ ಜಿಲ್ಲೆ ಆಗುವವರೆಗೆ ಆ ಸೀಮೆ ರಾಯಚೂರು ಜಿಲ್ಲೆಯಲ್ಲೇ ಇತ್ತು. ಚೆಂಡಾಡುವಾಗ ಚೆಂಡು ಚಿಕ್ಕ ತಾಯಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ, ತರಲು ಹೋದ ಹುಡುಗನನ್ನು ಅವಳು ಮೋಹಿಸುತ್ತಾಳೆ, ಒಲ್ಲೆನೆಂದವನ ಮೇಲೆ ಇಲ್ಲದ ಅಪವಾದ ಹೊರಿಸುತ್ತಾಳೆ. ಕಂಪಿಲರಾಯ ವಿಚಾರಿಸದೆ ಮಗನ ತಲೆ ತರಲು ಅಪ್ಪಣೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ಬೇರೊಂದು ತಲೆ ತೋರಿಸಿ ಹುಡುಗನನ್ನು ನೆಲಮಾಳಿಗೆಯಲ್ಲಿ ಅಡಗಿಸುತ್ತಾನೆ. ದಿಲ್ಲಿಯ ಸೈನ್ಯ ಮುತ್ತಿದಾಗ ಅರಸ ಹಂಬಲಿಸುವುದು ತಾನೇ ಕೊಲ್ಲಿಸಿದೆನೆಂದು ತಿಳಿದ ಆ ಮಗನಿಗಾಗಿ. 1327ರ ಸುಮಾರಿಗೆ ಕಂಪಿಲಿ ದಿಲ್ಲಿಯ ತುಘಲಕ ಸೈನ್ಯಕ್ಕೆ ಸೋತದ್ದು ಚರಿತ್ರೆ. ಆದರೆ ನಂಜುಂಡನ ಸಾಂಗತ್ಯದಿಂದ ಜನಪದ ಹಾಡುಗಳವರೆಗೆ, 2006ರ ‘ಗಂಡುಗಲಿ ಕುಮಾರರಾಮ’ ಚಿತ್ರದವರೆಗೆ ಜನ ಹೇಳಿಕೊಂಡು ಬಂದದ್ದು ಸೋತ ಕೋಟೆಗಿಂತ ಹೆಚ್ಚಾಗಿ ಕೇಳಿಸಿಕೊಳ್ಳದ ಅಪ್ಪನ ಕಥೆಯನ್ನು.

ಭಕ್ತಿಯ ಆಕ್ಷೇಪ ನಿಜವಾಗಿ ಬಿಗಿಯಾಗುವುದು ಪ್ರಹ್ಲಾದನ ವಿಷಯದಲ್ಲಿ. ಮಾನ್ವಿ ಸೀಮೆಗೆ ಪ್ರಹ್ಲಾದ ದೂರದವನಲ್ಲ. ತುಂಗಭದ್ರೆಯ ಆಚೆ ದಡದ ಮಂತ್ರಾಲಯದಲ್ಲಿ 1671ರಲ್ಲಿ ಬೃಂದಾವನಸ್ಥರಾದ ರಾಘವೇಂದ್ರಸ್ವಾಮಿಗಳನ್ನು ಮಾಧ್ವ ಪರಂಪರೆ ಪ್ರಹ್ಲಾದನ ಅವತಾರವೆಂದು ನಂಬುತ್ತದೆ. ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ ಹುಟ್ಟಿದ ಹರಿಕಥಾಮೃತಸಾರದ ಕರ್ತೃ ಜಗನ್ನಾಥದಾಸರನ್ನು ಪ್ರಹ್ಲಾದನ ತಮ್ಮ ಸಹ್ಲಾದನ ಅಂಶವೆನ್ನುತ್ತದೆ. ಅಂದರೆ ಹಿರಣ್ಯಕಶಿಪುವಿನ ಮನೆಯ ಇಬ್ಬರು ಮಕ್ಕಳು ಹೊಳೆಯ ಈಚೆ ಆಚೆ ನೆಲೆಸಿದ್ದಾರೆ. ಇಂಥ ನಂಬಿಕೆಯ ನೆಲದಲ್ಲಿ ಪ್ರಹ್ಲಾದನನ್ನು ಶಕ್ತಿಯುಳ್ಳ ಹುಡುಗನೆಂದು ಕರೆದರೆ ತಪ್ಪಾಗುತ್ತದೆ. ಬೆಂಕಿ, ವಿಷ, ಆನೆ, ಹಾವು ಯಾವುದೂ ಅವನನ್ನು ಮುಟ್ಟದಿರುವುದು ಹರಿಯ ಬಲದಿಂದ, ಅವನ ಬಲದಿಂದಲ್ಲ. ಅದನ್ನು ಒಪ್ಪಲೇಬೇಕು. ಹಾಗಿದ್ದೂ ಕಥೆ ಹೇಳುವವರು ಆ ಹರಿಬಲವನ್ನು ತೋರಿಸಲು ಆರಿಸಿಕೊಂಡ ಜಾಗ ಅರಮನೆಯ ಒಳಮನೆ ಮತ್ತು ಪಾಠಶಾಲೆ. ಗುರುಗಳು ಕಲಿಸಿದ್ದನ್ನು ಬಿಟ್ಟು ಬೇರೆ ಹೇಳುವ ಹುಡುಗ, ತೊಡೆಯ ಮೇಲೆ ಕೂರಿಸಿಕೊಂಡು ಓದು ಒಪ್ಪಿಸೆಂದು ಕೇಳುವ ಅಪ್ಪ, ಇಬ್ಬರ ನಡುವೆ ಸಿಕ್ಕಿಬಿದ್ದ ತಾಯಿ ಕಯಾದು. 1983ರ ‘ಭಕ್ತ ಪ್ರಹ್ಲಾದ’ ಚಿತ್ರದಲ್ಲಿ ಹಿರಣ್ಯಕಶಿಪುವಾಗಿ ರಾಜಕುಮಾರ್, ಪ್ರಹ್ಲಾದನಾಗಿ ಆಗ ಎಂಟು ವರ್ಷದ ಅವರ ಮಗ ಪುನೀತ್ ನಟಿಸಿದರು. ‘ಬಬ್ರುವಾಹನ’ದಲ್ಲಿ ಒಬ್ಬನೇ ನಟ ಅಪ್ಪನೂ ಮಗನೂ ಆದದ್ದು ಯಾವ ಕೆಲಸ ಮಾಡಿತೋ ಅದನ್ನೇ ಇಲ್ಲಿ ನಿಜದ ಅಪ್ಪ ಮಗನ ಜೋಡಿ ಮಾಡಿತು. ಗದೆ ಹಿಡಿದು ಘರ್ಜಿಸುವ ಹಿರಣ್ಯಕಶಿಪು ಮರುಕ್ಷಣ ಮಗನನ್ನು ಮುದ್ದಿಸುವಾಗ ನೋಡುವವರಿಗೆ ಅದು ನಟನೆ ಎನಿಸಲಿಲ್ಲ, ಆದ್ದರಿಂದಲೇ ಅವನ ಕ್ರೌರ್ಯವೂ ಹೆಚ್ಚು ಕೊರೆಯಿತು. ಎಂಟು ವರ್ಷದ ಹುಡುಗ ಹರೆಯದವನಲ್ಲ ನಿಜ. ಅಪ್ಪನ ಮಾತನ್ನು ಮೊದಲ ಬಾರಿ ಇಲ್ಲ ಎನ್ನುವ ಗಳಿಗೆ ಮಾತ್ರ ಅದೇ.

ದೂರದರ್ಶನ ಬಂದಾಗ ಈ ಸರಕು ಸಿದ್ಧವಾಗಿಯೇ ಇತ್ತು. 1987ರ ಜನವರಿಯಲ್ಲಿ ಆರಂಭವಾದ ‘ರಾಮಾಯಣ’, ಅದರ ಮುಂದುವರಿಕೆಯಾಗಿ ಲವಕುಶರ ಕಥೆ, 1988ರ ಅಕ್ಟೋಬರ್‌ನಿಂದ 1990ರ ಜೂನ್‌ವರೆಗೆ ‘ಮಹಾಭಾರತ’ ಭಾನುವಾರಗಳನ್ನು ಕಟ್ಟಿಹಾಕಿದವು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರಿಗೆ ಹಿಂದಿ ಉರ್ದು ಕಿವಿಗೆ ಹೊಸದಲ್ಲ, ತೆಲುಗಿನ ‘ಲವಕುಶ’ (1963) ಕೂಡ ಈ ಗಡಿಸೀಮೆಗೆ ಹೊರಗಿನದಲ್ಲ. ಆ ‘ಮಹಾಭಾರತ’ದಲ್ಲಿ ಭೀಷ್ಮನಾಗಿದ್ದ ಮುಕೇಶ್ ಖನ್ನಾ 1997ರಲ್ಲಿ ‘ಶಕ್ತಿಮಾನ್’ ಆದರು, 2005ರವರೆಗೆ ಅದು ನಡೆಯಿತು. ಅಪ್ಪನ ಮದುವೆಗಾಗಿ ತನ್ನ ಸಂಸಾರವನ್ನೇ ಬಿಟ್ಟುಕೊಟ್ಟ ಮಗನ ಪಾತ್ರ ಮಾಡಿದ ನಟ, ಭಾರತದ ಕಿರುತೆರೆಯ ಅತಿ ಪ್ರಸಿದ್ಧ ಸೂಪರ್‌ಹೀರೋ ಆಗುವಾಗ ಆ ಪಾತ್ರಕ್ಕೂ ಸಂಸಾರವಿರಲಿಲ್ಲ ಎಂಬುದು ಗಮನಿಸುವಂಥದ್ದು. ಶಕ್ತಿಮಾನ್‌ಗೆ ಬೆಳೆಸಬೇಕಾದ ಮಕ್ಕಳಿಲ್ಲ. ಕಂತಿನ ಕೊನೆಗೆ ಅವನು ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದ, ಆ ಮಕ್ಕಳು ತೆರೆಯ ಈಚೆ ಕೂತವರು. ಹಾಗಾಗಿ ಪರದೇಶದ ಮಾದರಿಯನ್ನು ನೇರವಾಗಿ ಅನುಸರಿಸಿದ ಕಡೆ ಕುಟುಂಬ ಕಳಚಿಹೋಯಿತು, ಪುರಾಣವನ್ನು ಅನುಸರಿಸಿದ ಕಡೆ ಉಳಿಯಿತು. ಕಲರ್ಸ್ ಕನ್ನಡದಲ್ಲಿ 2017ರಲ್ಲಿ ಆರಂಭವಾದ ‘ಶನಿ’ ಇದಕ್ಕೆ ಒಳ್ಳೆಯ ಉದಾಹರಣೆ. ಸೂರ್ಯನ ತಾಪ ತಾಳಲಾರದೆ ಹೆಂಡತಿ ಸಂಜ್ಞೆ ತನ್ನ ನೆರಳನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾಳೆ. ಆ ಛಾಯೆಗೆ ಹುಟ್ಟಿದ ಕಪ್ಪು ಹುಡುಗನನ್ನು ಬೆಳಕಿನ ದೇವರು ಮಗನೆಂದು ಒಪ್ಪುವುದಿಲ್ಲ. ಶನಿ ಎಂದರೆ ಹೆದರಿ ಎಳ್ಳೆಣ್ಣೆ ಸುರಿಯುವ ಜನರೇ ಆ ಹುಡುಗನ ಪಕ್ಷ ವಹಿಸಿ ಸಂಜೆ ಟಿ.ವಿ. ಮುಂದೆ ಕೂತರು. ಅವನಿಗೆ ಬಂದ ದೃಷ್ಟಿಯ ಶಕ್ತಿ ಎಲ್ಲಕ್ಕಿಂತ ಮೊದಲು ಅಪ್ಪನ ಮೇಲೇ ಪ್ರಯೋಗವಾಗುವುದು ಈ ಕಥೆಯ ಒಳಗಿನ ತರ್ಕ.

ಡಬ್ಬಿಂಗ್ ವಿವಾದದ ಚರಿತ್ರೆಯೂ ಇಲ್ಲಿಗೆ ಬಂದು ಸೇರುತ್ತದೆ. ದಶಕಗಳ ಕಾಲ ಕನ್ನಡದಲ್ಲಿ ಡಬ್ಬಿಂಗ್‌ಗೆ ಅನಧಿಕೃತ ತಡೆಯಿತ್ತು, 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಹೊರಡಿಸಿತು. 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇದೇ ಬಗೆಯ ಪಶ್ಚಿಮ ಬಂಗಾಳದ ಪ್ರಕರಣದಲ್ಲಿ ಆಯೋಗದ ಪರ ತೀರ್ಪಿತ್ತಿತು. ಆ ಪ್ರಕರಣದ ಮೂಲ ಒಂದು ‘ಮಹಾಭಾರತ’ ಧಾರಾವಾಹಿಯ ಬಂಗಾಳಿ ಡಬ್ಬಿಂಗ್ ಎಂಬುದು ಕಾಕತಾಳೀಯವೇ ಇರಬಹುದು. ದಾರಿ ತೆರೆದ ಮೇಲೆ, 2020ರ ಲಾಕ್‌ಡೌನ್‌ನಲ್ಲಿ ಚಿತ್ರೀಕರಣ ನಿಂತಾಗ, 2013ರಲ್ಲಿ ಹಿಂದಿಯಲ್ಲಿ ಬಂದಿದ್ದ ‘ಮಹಾಭಾರತ’ ಸ್ಟಾರ್ ಸುವರ್ಣದಲ್ಲಿ ಕನ್ನಡ ಮಾತಾಡಿತು, ಮನೆಮಾತಾಯಿತು. ಎಲ್ಲರೂ ಮನೆಯೊಳಗೆ ಸಿಕ್ಕಿಕೊಂಡಿದ್ದ ಆ ದಿನಗಳಲ್ಲಿ ಕರ್ಣ ಮತ್ತು ಕುಂತಿ, ಅರ್ಜುನ ಮತ್ತು ಅಭಿಮನ್ಯು ಇಡೀ ಮನೆಯ ಚರ್ಚೆಗೆ ವಸ್ತುವಾದದ್ದು ಸಹಜ.

ಆದರೂ ಒಂದು ಕೊರತೆ ಎದ್ದು ಕಾಣುತ್ತದೆ. ಪುರಾಣದ ಧಾರೆ ಅಪ್ಪ ಮಗ ಎದುರಾಗುವ ದಿನವನ್ನು ಕೊಡುತ್ತದೆ, ಅದಕ್ಕೆ ಮೊದಲಿನ ಹದಿನೈದು ವರ್ಷಗಳನ್ನು ಕೊಡುವುದಿಲ್ಲ. ಬಭ್ರುವಾಹನನ ತಾಯಿ ಚಿತ್ರಾಂಗದೆ ಮಗನನ್ನು ಹೇಗೆ ಬೆಳೆಸಿದಳು, ಅಪ್ಪ ಎಲ್ಲಿ ಎಂದು ಅವನು ಕೇಳಿದಾಗ ಏನು ಹೇಳಿದಳು, ಹೇಳಿದ ಹಾಗೆ ಬೆಳೆಯದಿದ್ದಾಗ ಏನು ಮಾಡಿದಳು ಎಂಬುದನ್ನು ಪ್ರಸಂಗಕರ್ತರು ಒಂದು ಪದ್ಯದಲ್ಲಿ ದಾಟಿಬಿಡುತ್ತಾರೆ. ಅಮೆರಿಕದ ಧಾರಾವಾಹಿಗಳ ಹೆಚ್ಚುಗಾರಿಕೆ ಇರುವುದು ಅಲ್ಲೇ: ಹೋಂವರ್ಕ್, ಊಟದ ಮೇಜು, ಬಾಗಿಲು ಧಡ್ ಎಂದು ಹಾಕಿಕೊಳ್ಳುವ ಹುಡುಗ. ಕನ್ನಡ ಕಿರುತೆರೆ ಈ ದಿನದಿನದ ಪಾಡನ್ನು ಕೈಬಿಟ್ಟಿಲ್ಲ, ಅದನ್ನು ಬೇರೆ ಹೊತ್ತಿಗೆ, ಬೇರೆ ಧಾರಾವಾಹಿಗಳಿಗೆ ಹಂಚಿದೆ. 2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಉಮಾಶ್ರೀ ನಟಿಸಿದ ಪುಟ್ಟಕ್ಕ, ಗಂಡು ಮಗುವಿಲ್ಲವೆಂದು ಗಂಡ ದೂರವಾದ ಮೇಲೆ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸುತ್ತಾಳೆ. 2022ರ ‘ಭಾಗ್ಯಲಕ್ಷ್ಮೀ’ಯಲ್ಲಿ ಗಂಡನ ತಾತ್ಸಾರಕ್ಕೆ ಗುರಿಯಾದ ಭಾಗ್ಯ ಹತ್ತನೆಯ ತರಗತಿ ಮುಗಿಸಲು ಮಗಳು ಓದುವ ಶಾಲೆಗೇ ಸೇರುತ್ತಾಳೆ, ಹರೆಯದ ಮಗಳಿಗೆ ಅದೇ ನಾಚಿಕೆ. ಇವುಗಳಲ್ಲಿ ಮಂತ್ರಬಾಣವಿಲ್ಲ. ಆದರೆ ಅಡಿಪಾಯ ನೋಡಿ: ಬಿಟ್ಟುಹೋದ ಅಥವಾ ಒಪ್ಪದ ಅಪ್ಪ, ಒಂಟಿಯಾಗಿ ಬೆಳೆಸುವ ತಾಯಿ, ತಮ್ಮನ್ನು ತಾವು ಸಾಬೀತು ಮಾಡಬೇಕಾದ ಮಕ್ಕಳು. ಬಭ್ರುವಾಹನನ ಬಿಲ್ಲಿನ ಜಾಗದಲ್ಲಿ ಪರೀಕ್ಷೆಯ ಅಂಕಪಟ್ಟಿ ಬಂದಿದೆ. ಅತಿಮಾನುಷ ಶಕ್ತಿ ತೆಗೆದರೂ ಕಥೆ ನಿಲ್ಲುತ್ತದೆ ಎಂದಾದರೆ, ಶಕ್ತಿ ಮೊದಲಿನಿಂದಲೂ ಕಥೆಯ ಕಂಬವಾಗಿರಲಿಲ್ಲ ಎಂದೇ ಹೇಳಬೇಕು.

ಇದಕ್ಕೆ ಎದುರಾಗಿ ಹೇಳಬಹುದಾದ ಇನ್ನೊಂದು ಮಾತಿದೆ, ಅದು ಎಲ್ಲಕ್ಕಿಂತ ಗಟ್ಟಿಯಾದದ್ದು. ಈವರೆಗೆ ಹೆಸರಿಸಿದ ಶಕ್ತಿವಂತ ಮಕ್ಕಳೆಲ್ಲ ಗಂಡುಮಕ್ಕಳು. ಗುರುತಿಸುವಿಕೆಯೇ ಈ ಪ್ರಕಾರದ ತಿರುಳಾದರೆ ಗುರುತಿಸಿಕೊಳ್ಳಲು ಹಂಬಲಿಸುವ ಮಗಳೆಲ್ಲಿ? ಜೈಮಿನಿ ಭಾರತದ ಪ್ರಮೀಳೆ ಸ್ತ್ರೀರಾಜ್ಯದ ಒಡತಿ, ಅರ್ಜುನನಿಗೆ ಸಾಟಿಯಾದವಳು, ಅವಳ ಕಥೆ ಮದುವೆಯಲ್ಲಿ ಮುಗಿಯುತ್ತದೆ. ಜೀ ಕನ್ನಡದ ‘ನಾಗಿಣಿ’ಯಲ್ಲಿ (2016) ಹೆಣ್ಣಿಗೆ ಶಕ್ತಿಯಿದೆ, ಆದರೆ ಅವಳು ಆ ಮನೆಯೊಳಗೆ ಬರುವುದು ಮಗಳಾಗಿ ಅಲ್ಲ, ಸೇಡು ಹೊತ್ತ ಸೊಸೆಯಾಗಿ. ಅಮೆರಿಕದಲ್ಲಿ ಇದಕ್ಕೆ ಬೇರೆ ಉತ್ತರಗಳು ಬಂದಿವೆ. ‘ಬ್ಲ್ಯಾಕ್ ಲೈಟ್ನಿಂಗ್’ನಲ್ಲಿ (2018–2021) ಶಾಲಾ ಮುಖ್ಯೋಪಾಧ್ಯಾಯನಾದ ಅಪ್ಪನ ಅತಿಮಾನುಷ ಬಲ ಇಬ್ಬರು ಹೆಣ್ಣುಮಕ್ಕಳಿಗೆ ಇಳಿದುಬರುತ್ತದೆ. ‘ಮಿಸ್ ಮಾರ್ವೆಲ್’ನಲ್ಲಿ (2022) ಜರ್ಸಿ ಸಿಟಿಯ ಪಾಕಿಸ್ತಾನಿ ಮನೆತನದ ಹುಡುಗಿ ಕಮಲಾಳ ಶಕ್ತಿ ಮುತ್ತಜ್ಜಿಯ ಕಡಗದಿಂದ ಎಚ್ಚರಗೊಳ್ಳುತ್ತದೆ, ಅದುವರೆಗೆ ಹೊರಗೆ ಬಿಡಲು ಹೆದರುತ್ತಿದ್ದ ತಾಯಿಯೇ ಕೊನೆಗೆ ಅವಳಿಗೆ ವೇಷದ ಉಡುಪನ್ನು ಮಾಡಿಕೊಡುತ್ತಾಳೆ. ಶಕ್ತಿ ತಾಯಿಯ ಕಡೆಯಿಂದ ಬರುವ ಈ ಬಗೆ ಕನ್ನಡದ ಪ್ರಸಂಗಗಳಿಗೂ ಗೊತ್ತಿಲ್ಲದ್ದಲ್ಲ. ವ್ಯಾಸರ ಪಾಠದಲ್ಲಿ ಮಗನ ಬಾಣಕ್ಕೆ ಬಿದ್ದ ಅರ್ಜುನನನ್ನು ಎಬ್ಬಿಸುವುದು ಉಲೂಪಿ ನೆನೆದ ಮಾತ್ರಕ್ಕೆ ಕೈಗೆ ಬರುವ ನಾಗಮಣಿ. ಅದನ್ನು ಅಪ್ಪನ ಎದೆಯ ಮೇಲಿಡು ಎಂದು ಮಗನ ಕೈಗೆ ಕೊಡುವವಳು ಅವಳೇ. ಜೈಮಿನಿಯಲ್ಲಿ ಕೃಷ್ಣ ಬಂದು ಅರ್ಜುನನನ್ನು ಬದುಕಿಸುವ ಮೊದಲು ಮಣಿಯನ್ನು ನೆನಪಿಸುವವಳೂ ಅವಳೇ. ಅಟ್ಟದ ಮೇಲೆ ಈ ಉಲೂಪಿಯ ಪಾತ್ರವನ್ನು ಗಂಡಸರೇ ಸೀರೆಯುಟ್ಟು ಮಾಡಿದ್ದೂ ಉಂಟು, ಪ್ರಸಂಗದ ಹೆಸರಿನಲ್ಲಿ ಅವಳಿಗೆ ಜಾಗವಿಲ್ಲ. ಪ್ರಸಂಗವನ್ನು ಅವಳ ಕಡೆಯಿಂದ ಮತ್ತೆ ಬರೆದರೆ ತಾಯಂದಿರಿಬ್ಬರ ಆ ಹದಿನೈದು ವರ್ಷಗಳು ಒಂದು ಪದ್ಯದಲ್ಲಿ ದಾಟಿಹೋಗಬೇಕಾಗುವುದಿಲ್ಲ, ಧಾರಾವಾಹಿಯವರಿಗೆ ಬೇಕಾದಷ್ಟು ಕಂತುಗಳೂ ಅದರಲ್ಲೇ ಸಿಗುತ್ತವೆ.